16 ಲಕ್ಷ ಜಾಸ್ತಿ ಕೊಟ್ಟು ಕಂಪ್ಯೂಟರ್ ಸೈನ್ಸ್ ಓದಬೇಕಾ? ನಮ್ಮನೆ ಲೆಕ್ಕ ಹೀಗಿತ್ತು

ಇವತ್ತಿನ ಎಪಿಸೋಡ್ ನಮ್ಮನೆ ವಿಷಯ. ಆದ್ರೆ ಸಿಇಟಿ ರಿಸಲ್ಟ್ ಬಂದ ಮೇಲೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೀತಿರುತ್ತೆ. ಅದಕ್ಕೇ ಹೇಳ್ತಾ ಇದೀನಿ. ಕೈಗೆ ಸಿಗೋ ಹಾಗೆ ಒಂದು ಪೆನ್ನು, ಪೇಪರ್ ಇಟ್ಕೊಳ್ಳಿ. ಸ್ವಲ್ಪ ಲೆಕ್ಕ ಇದೆ.

ಹೋದ ವರ್ಷ, 2025ರ ಜೂನ್. ನಾನು ಬೆಂಗಳೂರಿಂದ ತಿಪಟೂರಿಗೆ ಹೋಗಿದ್ದೆ. ರಾತ್ರಿ ಊಟ ಆದ್ಮೇಲೆ ಅಪ್ಪ ಕರೆದು ಹೇಳಿದ್ರು, "ನೀನು ಬಿಕಾಂ ಓದಿದೀಯ, ಮೂರು ವರ್ಷ ಆಡಿಟರ್ ಆಫೀಸಲ್ಲಿ ಕೂತಿದೀಯ. ಒಂದು ಲೆಕ್ಕ ಹಾಕ್ಕೊಡು. ಸೈಟು ಮಾರಿದ್ರೆ ನಿನ್ನ ತಂಗಿ ಓದು ದಡ ಸೇರುತ್ತಾ?"

ಸೈಟು ಅಂದ್ರೆ ಊರ ಹೊರಗಿನ 30x40. ಕೊಬ್ಬರಿಗೆ ಒಳ್ಳೆ ರೇಟ್ ಸಿಕ್ಕಿದ್ದ ಒಂದು ವರ್ಷ ಅಪ್ಪ ತಗೊಂಡಿದ್ದು. ನಮ್ಮಿಬ್ಬರ ಮದುವೆಗೆ ಅಂತ ಇಟ್ಟಿದ್ದು. ತಂಗಿಗೆ ಬಂದ ರ‍್ಯಾಂಕಿಗೆ ತುಮಕೂರಿನ ಒಂದು ಖಾಸಗಿ ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್ ಸಿಗೋ ಹಾಗಿತ್ತು. ಕಂಪ್ಯೂಟರ್ ಸೈನ್ಸ್ ಸಿಗೋ ಹಾಗಿರಲಿಲ್ಲ. ಅಷ್ಟರಲ್ಲಿ ಒಬ್ಬ ಏಜೆಂಟ್ ಫೋನ್ ಮಾಡಿದ್ದ. ಬೆಂಗಳೂರಿನ ಒಂದು ಕಾಲೇಜು, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೈನ್ಸ್, ವರ್ಷಕ್ಕೆ 4 ಲಕ್ಷ. "ಎರಡು ದಿನದಲ್ಲಿ ಬುಕ್ ಮಾಡಿ ಸಾರ್, ಆಮೇಲೆ 5 ಆಗುತ್ತೆ" ಅಂದಿದ್ನಂತೆ.

ಆ ಎರಡು ದಿನ ನಾನು ಏನು ಲೆಕ್ಕ ಹಾಕಿದೆ, ಎಲ್ಲಿ ತಪ್ಪಿದೆ, ತಂಗಿ ಅದನ್ನ ಹೇಗೆ ತಿದ್ದಿದ್ಲು ಅನ್ನೋದು ಇವತ್ತಿನ ಕಥೆ.

ಮೊದಲು ಖರ್ಚು

ಒಂದೇ ಡಿಗ್ರಿ, ಬೇರೆ ಬೇರೆ ಬೆಲೆ. ಇದು ನಮ್ಮ ರಾಜ್ಯದಲ್ಲಿ ಎಲ್ರಿಗೂ ಗೊತ್ತಿರೋದೇ. ಸರ್ಕಾರಿ ಸೀಟು ಒಂದು ರೇಟು, ಕಾಮೆಡ್‌ಕೆ ಇನ್ನೊಂದು, ಮ್ಯಾನೇಜ್‌ಮೆಂಟ್ ಮತ್ತೊಂದು. ಅದೇ ಕ್ಲಾಸು, ಅದೇ ಬೆಂಚು, ಅದೇ ವಿಟಿಯು ಪರೀಕ್ಷೆ. ಪಕ್ಕದಲ್ಲಿ ಕೂತವರು ನಿಮ್ಮ ಕಾಲು ಭಾಗ ಫೀಸ್ ಕಟ್ಟಿರಬಹುದು. ಹಾಗಾಗಿ "ಕಂಪ್ಯೂಟರ್ ಸೈನ್ಸ್ ಓದಿದ್ರೆ ಲಾಭ ಇದೆಯಾ" ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ಬೆಲೆಗೆ ಓದ್ತೀರಾ, ಅದನ್ನ ಬಿಟ್ರೆ ನಿಮ್ಮ ಕೈಲಿ ಇನ್ನೇನಿದೆ, ಇವೆರಡೂ ಗೊತ್ತಾಗಬೇಕು.

ನಾನು ಎರಡು ಕಾಲಂ ಹಾಕಿದೆ. ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸೀಟು: ಫೀಸ್ 4 ಲಕ್ಷದಂತೆ ನಾಲ್ಕು ವರ್ಷಕ್ಕೆ 16 ಲಕ್ಷ. ಪಿಜಿ, ಊಟ, ಓಡಾಟ ಸೇರಿ ನಾಲ್ಕು ವರ್ಷಕ್ಕೆ 5 ಲಕ್ಷ. ಲ್ಯಾಪ್‌ಟಾಪ್, ಪರೀಕ್ಷೆ ಫೀಸು, ಬಟ್ಟೆಬರೆ ಅಂತ 1 ಲಕ್ಷ. ಒಟ್ಟು 22 ಲಕ್ಷ.

ತುಮಕೂರಿನ ಸಿಇಟಿ ಸೀಟು, ಎಲೆಕ್ಟ್ರಾನಿಕ್ಸ್: ಫೀಸ್ ವರ್ಷಕ್ಕೆ ಸುಮಾರು 1 ಲಕ್ಷ ಅಂತ ಹಿಡಿದೆ, ನಾಲ್ಕು ವರ್ಷಕ್ಕೆ 4 ಲಕ್ಷ. ಮನೆಯಿಂದಲೇ ಟ್ರೈನಲ್ಲಿ ಓಡಾಟ, ಪಾಸ್ ಮಾಡಿಸಿದ್ರೆ ಖರ್ಚು ಕಮ್ಮಿ. ಅದೂ ಇದೂ ಸೇರಿ 2 ಲಕ್ಷ. ಒಟ್ಟು 6 ಲಕ್ಷ.

ವ್ಯತ್ಯಾಸ 16 ಲಕ್ಷ. ಅಂದ್ರೆ ನಾವು ಕೊಡೋ ಬೆಲೆ 22 ಲಕ್ಷ ಅಲ್ಲ. ಇಂಜಿನಿಯರಿಂಗ್ ಹೇಗೂ ಓದ್ತಾಳೆ. ಎಲೆಕ್ಟ್ರಾನಿಕ್ಸ್ ಬದಲು ಕಂಪ್ಯೂಟರ್ ಸೈನ್ಸ್, ತುಮಕೂರು ಬದಲು ಬೆಂಗಳೂರು, ಇದಕ್ಕೆ ಮಾತ್ರ ಕೊಡೋದು 16 ಲಕ್ಷ. ಪ್ರಶ್ನೆ ಇಷ್ಟೇ: ಆ 16 ಲಕ್ಷ ವಾಪಸ್ ಬರುತ್ತಾ?

ಸಾಲ ಅಂದ್ರೆ ಎಷ್ಟು?

ಅಮ್ಮ ಅಂದ್ರು, "ಸೈಟು ಯಾಕೆ ಮಾರ್ತೀರಾ, ಬ್ಯಾಂಕಲ್ಲಿ ಎಜುಕೇಶನ್ ಲೋನ್ ಕೊಡ್ತಾರಲ್ಲ?" ಕೊಡ್ತಾರೆ. ಆದ್ರೆ ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದ್ರೆ ಬ್ಯಾಂಕು ಅಡಮಾನ ಕೇಳುತ್ತೆ. ನಮ್ಮ ಹತ್ರ ಅಡ ಇಡೋಕೆ ಇರೋದೇ ಆ ಸೈಟು. ಮಾರಿದ್ರೂ ಅದೇ, ಸಾಲ ಮಾಡಿದ್ರೂ ಅದೇ.

ಇನ್ನು ಬಡ್ಡಿ. "ಓದೋವಾಗ ಏನೂ ಕಟ್ಟಂಗಿಲ್ಲ" ಅಂತ ಎಲ್ಲರೂ ಹೇಳ್ತಾರೆ. ಕಂತು ಕಟ್ಟಂಗಿಲ್ಲ ಅನ್ನೋದು ನಿಜ. ಕೋರ್ಸ್ ಮುಗಿದು ಇನ್ನೊಂದು ವರ್ಷದ ತನಕ ಟೈಮ್ ಇರುತ್ತೆ. ಆದ್ರೆ ಮೊದಲನೇ ಕಂತಿನ ಹಣ ಕಾಲೇಜಿಗೆ ಹೋದ ದಿನದಿಂದಲೇ ಬಡ್ಡಿ ಓಡ್ತಿರುತ್ತೆ. ಈ ಅವಧಿಗೆ ಸರಳ ಬಡ್ಡಿ. ನಾನು 10 ಪರ್ಸೆಂಟ್ ಹಾಕಿದೆ. ಮೊದಲ ವರ್ಷದ 4 ಲಕ್ಷಕ್ಕೆ ಐದು ವರ್ಷದ ಬಡ್ಡಿ 2 ಲಕ್ಷ. ಎರಡನೇ ವರ್ಷದ್ದಕ್ಕೆ 1.6 ಲಕ್ಷ. ಮೂರನೇದಕ್ಕೆ 1.2 ಲಕ್ಷ. ನಾಲ್ಕನೇದಕ್ಕೆ 80 ಸಾವಿರ. ಒಟ್ಟು 5.6 ಲಕ್ಷ. ಕೆಲಸಕ್ಕೆ ಸೇರೋ ಹೊತ್ತಿಗೆ 16 ಲಕ್ಷದ ಸಾಲ 21.6 ಲಕ್ಷ ಆಗಿರುತ್ತೆ.

ಅದನ್ನ 10 ವರ್ಷದಲ್ಲಿ ತೀರಿಸಬೇಕು ಅಂದ್ರೆ ಇಎಂಐ ತಿಂಗಳಿಗೆ ಸುಮಾರು 28,500. 15 ವರ್ಷಕ್ಕೆ ಎಳೆದ್ರೆ 23,200. ಆದ್ರೆ 15 ವರ್ಷಕ್ಕೆ ಒಟ್ಟು ಕಟ್ಟೋದು ಸುಮಾರು 42 ಲಕ್ಷ!

ತುಮಕೂರಿನ 4 ಲಕ್ಷ ಫೀಸಿಗೆ ಪೂರ್ತಿ ಸಾಲ ಮಾಡಿದ್ರೂ ಇದೇ ಲೆಕ್ಕದಲ್ಲಿ ಅದು 5.4 ಲಕ್ಷ ಆಗುತ್ತೆ. 10 ವರ್ಷಕ್ಕೆ ಇಎಂಐ 7,100 ರೂಪಾಯಿ. ಈ ಎರಡು ನಂಬರ್ ನೆನಪಿಟ್ಕೊಳ್ಳಿ: 28,500 ಮತ್ತು 7,100.

"ಸೈಟು ಮಾರಿದ್ರೆ ಬಡ್ಡಿ ಇಲ್ಲವಲ್ಲ" ಅಂತ ಅಪ್ಪ ಅಂದ್ರು. ಅದೂ ಪೂರ್ತಿ ನಿಜ ಅಲ್ಲ. 16 ಲಕ್ಷನ 7 ಪರ್ಸೆಂಟ್ ಎಫ್‌ಡಿಲಿ ಇಟ್ರೆ ಹತ್ತು ವರ್ಷಕ್ಕೆ ಹತ್ರಹತ್ರ ಎರಡರಷ್ಟಾಗುತ್ತೆ. ಸ್ವಂತ ದುಡ್ಡಿಗೂ ಬಡ್ಡಿ ಇದೆ. ಅದು ಕಣ್ಣಿಗೆ ಕಾಣಲ್ಲ ಅಷ್ಟೆ.

ಈಗ ಸಂಬಳ

ಕಾಲೇಜಿನ ಬ್ರೋಷರ್ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಹುಡುಗನ ಫೋಟೋ, ಅವನ ಪ್ಯಾಕೇಜು. ಅದು ಇಡೀ ಬ್ಯಾಚಲ್ಲಿ ಅತಿ ಹೆಚ್ಚು ಸಿಕ್ಕಿದ ಒಬ್ಬನದ್ದು. ನಮಗೆ ಬೇಕಿರೋದು ಮಧ್ಯದಲ್ಲಿ ನಿಂತವನದ್ದು. ನೂರು ಜನನ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ ಐವತ್ತನೇಯವನಿಗೆ ಎಷ್ಟು? ಅದೇ ಮೀಡಿಯನ್.

ಇದನ್ನ ಹುಡುಕೋಕೆ ಒಂದು ದಾರಿ ಇದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕೋ ಕಾಲೇಜುಗಳು ತಮ್ಮ ಡೇಟಾನ ವೆಬ್‌ಸೈಟಲ್ಲಿ ಹಾಕಿರ್ತಾವೆ. ಕಾಲೇಜಿನ ಹೆಸರು, ಮುಂದೆ ಎನ್‌ಐಆರ್‌ಎಫ್ ಇಂಜಿನಿಯರಿಂಗ್ ಅಂತ ಹಾಕಿ ಹುಡುಕಿ. ಪಿಡಿಎಫ್ ಸಿಗುತ್ತೆ. ಅದರಲ್ಲಿ ಎಷ್ಟು ಜನ ಸೇರಿದ್ರು, ಎಷ್ಟು ಜನ ಸರಿಯಾದ ಟೈಮಿಗೆ ಪಾಸಾದ್ರು, ಎಷ್ಟು ಜನಕ್ಕೆ ಕೆಲಸ ಸಿಕ್ತು, ಮೀಡಿಯನ್ ಸಂಬಳ ಎಷ್ಟು, ಎಲ್ಲ ಇರುತ್ತೆ. ಅದು ಎಲ್ಲ ಬ್ರ್ಯಾಂಚ್ ಸೇರಿಸಿದ ನಂಬರ್ರು, ಮೀಡಿಯನ್ ಕೂಡ ಕೆಲಸ ಸಿಕ್ಕವರದ್ದು ಮಾತ್ರ. ಆದ್ರೂ ಬ್ರೋಷರ್‌ಗಿಂತ ಎಷ್ಟೋ ವಾಸಿ.

ಬ್ರೋಷರ್‌ನ "95 ಪರ್ಸೆಂಟ್ ಪ್ಲೇಸ್‌ಮೆಂಟ್" ಅನ್ನೋದನ್ನೂ ಬಿಡಿಸಿ ಕೇಳಿ. ಯಾರಲ್ಲಿ 95? ಬ್ಯಾಕ್‌ಲಾಗ್ ಇರೋರನ್ನ ತೆಗೆದು ಲೆಕ್ಕ ಹಾಕಿದ್ರಾ? ಒಬ್ಬಳಿಗೇ ಮೂರು ಆಫರ್ ಬಂದಿದ್ರೆ ಅದು ಒಂದಾ, ಮೂರಾ?

ನಾನು ನಮ್ಮ ಲೆಕ್ಕಕ್ಕೆ ಹಿಡಿದಿದ್ದು ವರ್ಷಕ್ಕೆ 3.5 ಲಕ್ಷ. ದೊಡ್ಡ ಐಟಿ ಸರ್ವಿಸ್ ಕಂಪನಿಗಳು ಫ್ರೆಶರ್‌ಗೆ ಕೊಡೋ ಮೊದಲ ಹಂತದ ಪ್ಯಾಕೇಜ್ ಇದರ ಆಸುಪಾಸಲ್ಲೇ ಇದೆ. ಹತ್ತು ವರ್ಷದ ಹಿಂದೆಯೂ ಹೆಚ್ಚುಕಮ್ಮಿ ಇಷ್ಟೇ ಇತ್ತು. ಅಷ್ಟರಲ್ಲಿ ಪಿಜಿ ಬಾಡಿಗೆ ಎಲ್ಲಿಗೆ ಹೋಯ್ತು ಅಂತ ಬೆಂಗಳೂರಲ್ಲಿ ಇರೋರಿಗೆ ನಾನು ಹೇಳಬೇಕಾಗಿಲ್ಲ.

ಮತ್ತೆ 3.5 ಲಕ್ಷ ಸಿಟಿಸಿ ಅಂದ್ರೆ ತಿಂಗಳಿಗೆ 29 ಸಾವಿರ ಕೈಗೆ ಬರಲ್ಲ. ಕಂಪನಿ ಕಟ್ಟೋ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್ ಎಲ್ಲ ಅದರೊಳಗೇ ಸೇರಿರುತ್ತೆ. ನಿಮ್ಮ ಪಾಲಿನ ಪಿಎಫ್ ಬೇರೆ ಕಟ್ ಆಗುತ್ತೆ. ಕೈಗೆ ಸಿಗೋದು ಸುಮಾರು 24 ಸಾವಿರ.

ಈಗ ಪಕ್ಕಪಕ್ಕ ಇಟ್ಟು ನೋಡಿ. ಕೈಗೆ ಬರೋದು 24 ಸಾವಿರ, ಇಎಂಐ 28,500. ಇದನ್ನ ನೋಡಿ ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಆಡಿಟರ್ ಆಫೀಸಲ್ಲಿ ಕಲಿತ ಒಂದು ರೂಢಿ ಇದೆ. ಇಎಂಐ ಸಂಬಳದ ಮೂರನೇ ಒಂದು ಭಾಗ ದಾಟಬಾರದು. 24 ಸಾವಿರಕ್ಕೆ ಮೂರನೇ ಒಂದು ಭಾಗ 8 ಸಾವಿರ. ಅಷ್ಟು ಇಎಂಐಗೆ ಹಿಂದಕ್ಕೆ ಲೆಕ್ಕ ಹಾಕ್ತಾ ಹೋದ್ರೆ, ನಾಲ್ಕು ವರ್ಷದಲ್ಲಿ ಮಾಡಬಹುದಾದ ಸಾಲ ಸುಮಾರು ನಾಲ್ಕೂವರೆ ಲಕ್ಷ. 28,500 ಇಎಂಐ ಆರಾಮಾಗಿ ಕಟ್ಟಬೇಕು ಅಂದ್ರೆ ಮೊದಲನೇ ತಿಂಗಳಿಂದಲೇ ಕೈಗೆ 85 ಸಾವಿರ ಬರಬೇಕು. ಅದು 12 ಲಕ್ಷದ ಆಸುಪಾಸಿನ ಪ್ಯಾಕೇಜು. ಅಂಥದ್ದು ಸಿಗೋರು ಇದಾರೆ. ಆದ್ರೆ ಆ ಕಾಲೇಜಲ್ಲಿ ಐವತ್ತನೇಯವನಿಗೆ ಸಿಗುತ್ತಾ ಅನ್ನೋದು ಪ್ರಶ್ನೆ. ನಾನು ತೆಗೆದು ನೋಡಿದ ಪಿಡಿಎಫ್‌ನಲ್ಲಿದ್ದ ಮೀಡಿಯನ್ ಅದರ ಅರ್ಧಕ್ಕೂ ಬರಲಿಲ್ಲ.

ತಂಗಿ ಹಿಡಿದ ತಪ್ಪು

ಮಾರನೇ ದಿನ ಶೀಟ್ ತಂಗಿ ಮುಂದೆ ಇಟ್ಟೆ. ಗೆದ್ದೆ ಅಂತ ಒಳಗೊಳಗೇ ಅನ್ಕೊಂಡಿದ್ದೆ, ಸುಳ್ಳು ಯಾಕೆ ಹೇಳ್ಲಿ. ಅವಳು ಹತ್ತು ನಿಮಿಷ ನೋಡಿ ಕೇಳಿದ್ಲು, "ಅಕ್ಕಾ, ಮೊದಲನೇ ಸಂಬಳಕ್ಕೇ ನಿಲ್ಲಿಸಿದೀಯಲ್ಲ? ನಾನು ಹತ್ತು ವರ್ಷ ಅಲ್ಲೇ ಇರ್ತೀನಾ?"

ಸರಿಯಾದ ಪ್ರಶ್ನೆ. ಸಾಫ್ಟ್‌ವೇರ್‌ನಲ್ಲಿ ನಿಜವಾದ ದುಡ್ಡು ಇರೋದು ಮೂರ್ನಾಲ್ಕು ವರ್ಷ ಆದ್ಮೇಲೆ, ಕಂಪನಿ ಬದಲಾಯಿಸೋವಾಗ. ನನ್ನ ಫ್ರೆಂಡ್ಸಲ್ಲೇ ಮೂರೂವರೆಗೆ ಸೇರಿ ನಾಲ್ಕನೇ ವರ್ಷಕ್ಕೆ ಅದರ ಎರಡರಷ್ಟು, ಮೂರರಷ್ಟು ದಾಟಿದೋರು ಇದಾರೆ. ನನ್ನ ಬಿಕಾಂ ಕ್ಲಾಸಲ್ಲಿ ಅಂಥೋರು ಕಮ್ಮಿ. ಡಿಗ್ರಿಯ ಲಾಭ ಬರೋದು ಅಲ್ಲಿ.

ಅದಕ್ಕೇ ಮತ್ತೆ ಲೆಕ್ಕ ಹಾಕಿದೆ, ಅವಳ ಕಡೆಗೇ ವಾಲಿಸಿ. ಮೊದಲ ಮೂರು ವರ್ಷ ಎರಡೂ ಕಡೆ ಒಂದೇ ಸಂಬಳ. ನಾಲ್ಕನೇ ವರ್ಷದಿಂದ ಹತ್ತನೇ ವರ್ಷದ ತನಕ ಕಂಪ್ಯೂಟರ್ ಸೈನ್ಸ್ ಓದಿದ್ದಕ್ಕೇ ವರ್ಷಕ್ಕೆ 3 ಲಕ್ಷ ಜಾಸ್ತಿ ಕೈಗೆ ಬಂತು ಅಂತ ಇಟ್ಕೊಳ್ಳಿ. ಏಳು ವರ್ಷಕ್ಕೆ 21 ಲಕ್ಷ. ಸೈಟು ಮಾರಿ ಓದಿದ್ರೆ ಜಾಸ್ತಿ ಖರ್ಚು 16 ಲಕ್ಷ. 5 ಲಕ್ಷ ಲಾಭ ಕಾಣುತ್ತೆ, ಆದ್ರೆ ಎಫ್‌ಡಿ ಲೆಕ್ಕ ಹಿಡಿದ್ರೆ ಅದೂ ಉಳಿಯಲ್ಲ. ಸಾಲ ಮಾಡಿ ಓದಿದ್ರೆ, ಎರಡು ಇಎಂಐಗಳ ವ್ಯತ್ಯಾಸವೇ ಹತ್ತು ವರ್ಷಕ್ಕೆ 25 ಲಕ್ಷ ದಾಟುತ್ತೆ. ಬೆಂಗಳೂರಿನ ಹೆಚ್ಚುವರಿ ಖರ್ಚು 4 ಲಕ್ಷ ಸೇರಿಸಿ, ಹತ್ರಹತ್ರ 30. ಅಲ್ಲಿಗೆ 9 ಲಕ್ಷ ನಷ್ಟ.

ಹತ್ತು ವರ್ಷದ ನಂತರವೂ ಅವಳು ದುಡೀತಾಳೆ, ಆಗ ಲಾಭ ಆಗಬಹುದು. ಒಪ್ಕೋತೀನಿ. ಆದ್ರೆ ಆ "3 ಲಕ್ಷ ಜಾಸ್ತಿ" ಅನ್ನೋದು ಬರೀ ಬ್ರ್ಯಾಂಚಿಂದ ಬರುತ್ತಾ? ದೊಡ್ಡ ಸರ್ವಿಸ್ ಕಂಪನಿಗಳ ಫ್ರೆಶರ್ ಪರೀಕ್ಷೆಯನ್ನ ಎಲೆಕ್ಟ್ರಾನಿಕ್ಸ್‌ನವರೂ ಬರೀತಾರೆ, ಮೆಕ್ಯಾನಿಕಲ್‌ನವರೂ ಬರೀತಾರೆ. ಕಂಪ್ಯೂಟರ್ ಸೈನ್ಸ್‌ನವರನ್ನ ಮಾತ್ರ ಕೂರಿಸೋ ಕೆಲವು ಪ್ರಾಡಕ್ಟ್ ಕಂಪನಿಗಳಿವೆ ನಿಜ. ಅವು ಎಲ್ಲ ಕಾಲೇಜಿಗೂ ಬರಲ್ಲ. ಅಂಥ ಕಂಪನಿ ಪ್ರತಿ ವರ್ಷ ಬರೋ ಕಾಲೇಜಾದ್ರೆ ಜಾಸ್ತಿ ದುಡ್ಡು ಕೊಡೋದಕ್ಕೆ ಅರ್ಥ ಇದೆ. ಏಜೆಂಟ್ ಹೇಳಿದ ಕಾಲೇಜಿಗೆ ಯಾವ್ಯಾವ ಕಂಪನಿ ಬಂದಿತ್ತು ಅಂತ ಕೇಳಿದ್ವಿ. ಪಟ್ಟಿ ಕಳಿಸ್ತೀನಿ ಅಂದ. ಕಳಿಸಲಿಲ್ಲ. ಬದಲಿಗೆ, ಸ್ವಲ್ಪ ದುಡ್ಡು ಕ್ಯಾಶಲ್ಲಿ ಕೊಡಬೇಕಾಗುತ್ತೆ, ಅದಕ್ಕೆ ರಸೀದಿ ಬರಲ್ಲ ಅಂದ. ಸ್ನೇಹಿತರೇ, ಕ್ಯಾಪಿಟೇಶನ್ ಫೀ ನಮ್ಮ ರಾಜ್ಯದಲ್ಲಿ 1984ರ ಕಾಯ್ದೆಯಿಂದಲೇ ನಿಷೇಧ. ರಸೀದಿ ಇಲ್ಲದ ದುಡ್ಡಿಗೆ ಬ್ಯಾಂಕು ಸಾಲ ಕೊಡಲ್ಲ, ಸೀಟು ಬಿಟ್ರೆ ವಾಪಸ್ಸೂ ಬರಲ್ಲ.

ಇನ್ನೊಂದು ಮಾತು. ನಾವು ಇವತ್ತಿನ ಮಾರ್ಕೆಟ್ ನೋಡಿ ಸೇರ್ತೀವಿ, ಹೊರಗೆ ಬರೋದು ನಾಲ್ಕು ವರ್ಷ ಆದ್ಮೇಲೆ. 2021-22ರಲ್ಲಿ ಐಟಿ ಕಂಪನಿಗಳು ಫ್ರೆಶರ್‌ಗಳನ್ನ ಬಾಚಿ ಬಾಚಿ ತಗೊಂಡ್ವು. ಅದನ್ನ ನೋಡಿ ಆಗ ಕಂಪ್ಯೂಟರ್ ಸೈನ್ಸ್ ಸೇರಿದೋರು ಹೊರಗೆ ಬಂದಿದ್ದು 2025ರಲ್ಲಿ. ಅಷ್ಟರೊಳಗೆ, 2023-24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೋ ಮೂರರಲ್ಲೂ ಒಟ್ಟು ಉದ್ಯೋಗಿಗಳ ಸಂಖ್ಯೆ ಇಳಿದಿತ್ತು. ನಮ್ಮನೇಲಿ ಸೀಟಿನ ಮಾತು ಇನ್ನೂ ಮುಗಿದಿರಲಿಲ್ಲ, ಜುಲೈಯಲ್ಲಿ ಟಿಸಿಎಸ್ 12 ಸಾವಿರಕ್ಕೂ ಹೆಚ್ಚು ಜನರನ್ನ ತೆಗೀತೀವಿ ಅಂತ ಹೇಳ್ತು. 2029ರಲ್ಲಿ ಹೇಗಿರುತ್ತೋ ಯಾರಿಗೂ ಗೊತ್ತಿಲ್ಲ. ಚೆನ್ನಾಗೂ ಇರಬಹುದು. ಗೊತ್ತಿಲ್ಲದ ಕಡೆ ಇರೋ ಒಂದೇ ಸೈಟನ್ನ ಪೂರ್ತಿ ಹಾಕಬಾರದು ಅನ್ನೋದಷ್ಟೇ ನನ್ನ ವಾದ.

ಲೆಕ್ಕಕ್ಕೆ ಬರದೇ ಇದ್ದದ್ದು

ತಂಗಿ ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದ್ಲು. "ಅಕ್ಕಾ, ನಿನಗೂ ಇಂಜಿನಿಯರಿಂಗ್ ಆಸೆ ಇತ್ತಲ್ವಾ? ನಿನಗೆ ಸಿಗಲಿಲ್ಲ ಅಂತ ಹೀಗೆ ಹೇಳ್ತಿಲ್ಲ ತಾನೇ?"

ನನಗೂ ಅವಳಿಗೂ ಹತ್ತು ವರ್ಷ ಅಂತರ. 2013ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಾಗ ನನಗೆ ಸೈನ್ಸ್ ತಗೊಳ್ಳೋ ಮಾರ್ಕ್ಸ್ ಇತ್ತು. ಪಿಯುಸಿ ಫೀಸು, ಟ್ಯೂಷನ್, ಆಮೇಲೆ ಇಂಜಿನಿಯರಿಂಗ್ ಅಂತ ಲೆಕ್ಕ ಹಾಕಿ ಅಪ್ಪ, "ಕಾಮರ್ಸ್ ತಗೋ ಮಗಳೇ, ಅದರಲ್ಲೂ ಭವಿಷ್ಯ ಇದೆ" ಅಂದಿದ್ರು. ನಾನೂ ಸರಿ ಅಂದಿದ್ದೆ.

ತಂಗಿ ಕೇಳಿದಾಗ ತಕ್ಷಣ "ಇಲ್ಲಪ್ಪ" ಅಂದೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಶೀಟ್ ತೆಗೆದು, ಎಲ್ಲೆಲ್ಲಿ ನಾನು ಬೇಕಂತಲೇ ಕಮ್ಮಿ ಹಿಡಿದಿದೀನಿ ಅಂತ ನೋಡಿದೆ. ಒಂದು ಕಡೆ ಸಿಕ್ತು. ಬೆಂಗಳೂರಿನ ಖರ್ಚನ್ನ ಪೂರ್ತಿ ಹಾಕಿದ್ದೆ. ದಿನಾ ತುಮಕೂರಿಗೆ ಹೋಗಿ ಬರೋ ಮೂರು ಗಂಟೆನ ಎಲ್ಲೂ ಬರೆದಿರಲಿಲ್ಲ. ನಾಲ್ಕು ವರ್ಷ, ದಿನಕ್ಕೆ ಮೂರು ಗಂಟೆ. ಆ ಟೈಮಲ್ಲಿ ಬೆಂಗಳೂರಿನ ಹುಡುಗಿ ಕೋಡಿಂಗ್ ಕಲೀಬಹುದು, ಇಂಟರ್ನ್‌ಶಿಪ್ ಮಾಡಬಹುದು. ಅದನ್ನ ಅಪ್ಪನಿಗೂ ತಂಗಿಗೂ ಹೇಳಿದೆ. ಉತ್ತರ ಬದಲಾಗಲಿಲ್ಲ. ಆದ್ರೆ ಹೇಳದೇ ಇದ್ದಿದ್ರೆ ಅದು ಮೋಸ ಆಗ್ತಿತ್ತು.

ಅವಳು ಅಪ್ಪನ್ನೂ ಕೇಳಿದ್ಲು, "ಅಕ್ಕ ಕೇಳಿದ್ರೆ ಆಗ ಸೈಟು ಮಾರ್ತಿದ್ರಾ?" ಅಪ್ಪ ಅಂದ್ರು, "ಆಗ ಸೈಟೇ ಇರಲಿಲ್ವಲ್ಲಮ್ಮ." ಅಷ್ಟೇ.

ಕೊನೆಗೆ ಏನಾಯ್ತು

ತಂಗಿ ಸಿಇಟಿ ಸೀಟು ತಗೊಂಡ್ಲು, ಎಲೆಕ್ಟ್ರಾನಿಕ್ಸ್. ಈಗ ಮೊದಲ ವರ್ಷ ಮುಗೀತಾ ಬಂದಿದೆ. ಮೊದಲ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳ ಪಿಯುಸಿ ಫ್ರೆಂಡ್ಸ್ ಬೆಂಗಳೂರಿಂದ ಸ್ಟೇಟಸ್ ಹಾಕಿದಾಗೆಲ್ಲ ಮುಖ ಸಣ್ಣದಾಗ್ತಿತ್ತು ಅಂತ ಅಮ್ಮ ಹೇಳಿದ್ರು. ಈಗ ಟ್ರೈನಲ್ಲಿ ಫೋನಲ್ಲೇ ಪೈಥಾನ್ ಕಲೀತಿದಾಳೆ. ಖುಷಿಯಾಗಿದೀನಿ ಅಂತ ಹೇಳಿಲ್ಲ. ಬೇಜಾರಿದೆ ಅಂತಾನೂ ಹೇಳಿಲ್ಲ. ನಾನು ಹೇಳಿದ್ದು ಸರಿನಾ ಅಂತ 2029ರ ಮುಂಚೆ ಗೊತ್ತಾಗಲ್ಲ.

ಸೈಟು ಹಾಗೇ ಇದೆ. ಅಪ್ಪ ಅವಳಿಗೆ ಒಂದು ಮಾತು ಕೊಟ್ಟಿದಾರೆ. ಡಿಗ್ರಿ ಮುಗಿಸಿ ಎಂ.ಟೆಕ್ ಮಾಡ್ತೀನಿ ಅಂದ್ರೂ, ಬೇರೆ ಏನಾದ್ರೂ ಓದ್ತೀನಿ ಅಂದ್ರೂ, ಆಗ ಮಾರೋಣ ಅಂತ. ಆ ಹೊತ್ತಿಗೆ ಅವಳಿಗೆ ಏನು ಬೇಕು ಅಂತ ಅವಳಿಗೇ ಗೊತ್ತಿರುತ್ತೆ.

ಈಗ ನಿಮ್ಮನೇಲೂ ಇದೇ ಮಾತು ನಡೀತಿದ್ರೆ, ಸೀಟು ಬುಕ್ ಮಾಡೋ ಮುಂಚೆ ಇಷ್ಟು ಮಾಡಿ.

ಒಂದು, ಒಟ್ಟು ಖರ್ಚು ಬರೀಬೇಡಿ, ನಿಮಗೆ ಸಿಗೋ ಎರಡನೇ ಆಯ್ಕೆಗಿಂತ ಎಷ್ಟು ಜಾಸ್ತಿ ಅಂತ ಬರೀರಿ. ಬಿಸಿಎ ಕೂಡ ಆ ಪಟ್ಟಿಲಿ ಇರಲಿ. ಮೂರು ವರ್ಷ, ಫೀಸು ಕಮ್ಮಿ, ಒಂದು ವರ್ಷ ಮುಂಚೆ ಸಂಬಳ ಶುರು.

ಎರಡು, ಕಾಲೇಜಿನ ಎನ್‌ಐಆರ್‌ಎಫ್ ಪಿಡಿಎಫ್ ತೆಗೆದು ಮೀಡಿಯನ್ ನೋಡಿ. ಅದು ಸಿಗಲಿಲ್ಲ ಅಂದ್ರೆ ಹೋದ ವರ್ಷ ಪಾಸಾದ ನಾಲ್ಕು ಜನ ಸಾಧಾರಣ ಹುಡುಗರನ್ನ ಹುಡುಕಿ ಮಾತಾಡಿ. ಟಾಪರ್ ಬೇಡ.

ಮೂರು, ಮೀಡಿಯನ್ ಸಂಬಳದಲ್ಲಿ ಕೈಗೆ ಬರೋದರ ಮೂರನೇ ಒಂದು ಭಾಗಕ್ಕಿಂತ ಇಎಂಐ ಜಾಸ್ತಿ ಆದ್ರೆ, ಆ ಸೀಟು ಆ ಬೆಲೆಗೆ ನಿಮಗಲ್ಲ.

ನಾಲ್ಕು, ಕಮ್ಮಿ ಬೆಲೆ ದಾರಿಗಳನ್ನ ಪೂರ್ತಿ ಹುಡುಕಿ. ಮನೆ ವರಮಾನ 8 ಲಕ್ಷದೊಳಗಿದ್ರೆ ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಸೀಟಿಗೆ ಬೋಧನಾ ಶುಲ್ಕ ಮಾಫಿ ಇದೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಇದೆ. ಪಟ್ಟಿಯಲ್ಲಿರೋ ಒಳ್ಳೆ ಕಾಲೇಜಲ್ಲಿ ಮೆರಿಟ್ ಮೇಲೆ ಸೀಟು ಸಿಕ್ಕಿದ್ರೆ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡಮಾನ ಇಲ್ಲದೆ ಸಾಲ ಸಿಗುತ್ತೆ. ವರಮಾನ 8 ಲಕ್ಷದೊಳಗಿದ್ರೆ 10 ಲಕ್ಷದ ತನಕದ ಸಾಲಕ್ಕೆ 3 ಪರ್ಸೆಂಟ್ ಬಡ್ಡಿ ರಿಯಾಯಿತಿಯೂ ಇದೆ.

ಐದು, ಓದೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಲೆಕ್ಕ ಹಾಕಿ. ನನ್ನ ತಪ್ಪನ್ನ ಹಿಡಿದಿದ್ದು ಅಪ್ಪ ಅಲ್ಲ, ತಂಗಿ.

ಒಳ್ಳೆ ಕಾಲೇಜಲ್ಲಿ, ಸರಿಯಾದ ಬೆಲೆಗೆ ಕಂಪ್ಯೂಟರ್ ಸೈನ್ಸ್ ಸಿಕ್ಕಿದ್ರೆ ಕಣ್ಣು ಮುಚ್ಚಿ ಸೇರಿ, ನಾನು ಬೇಡ ಅನ್ನಲ್ಲ. ಬೆಲೆ ನೋಡದೇ ಹೆಸರಿಗೆ ಮಾತ್ರ ಸೇರಬೇಡಿ.

ನಿಮ್ಮನೆ ಲೆಕ್ಕ ಹೇಗಿತ್ತು, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.